ಗ್ಯಾಲಕ್ಸಿಗೂ ಒಂದು ಮಣ್ಣು ಪರೀಕ್ಷೆ: ಹಳೇ ಲ್ಯಾಪ್‌ಟಾಪಿನಲ್ಲಿ ಆಮ್ಲಜನಕ ಅಳೆದ ಕೆಲಸದ ದಿನಚರಿ

ನಾನು ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರೈತರು ಬಟ್ಟೆ ಚೀಲದಲ್ಲಿ ಮಣ್ಣು ತಂದುಕೊಡುತ್ತಾರೆ. ಅದನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ರಂಜಕ ಎಷ್ಟು, ಪೊಟ್ಯಾಶ್ ಎಷ್ಟು, ಸತು ಎಷ್ಟು ಅಂತ ಹೇಳುವುದು ನಮ್ಮ ಕೆಲಸ. ಪೊಟ್ಯಾಶ್ ಅಳೆಯಲು ಫ್ಲೇಮ್ ಫೋಟೋಮೀಟರ್ ಇದೆ. ಮಣ್ಣಿನಿಂದ ತೆಗೆದ ದ್ರಾವಣವನ್ನು ಸಣ್ಣ ಉರಿಯೊಳಗೆ ತುಂತುರಾಗಿ ಬಿಡುತ್ತೇವೆ. ಪೊಟ್ಯಾಶಿಯಂ ತನ್ನದೇ ಬಣ್ಣದಲ್ಲಿ, 766 ನ್ಯಾನೋಮೀಟರ್ ಆಸುಪಾಸಿನಲ್ಲಿ, ಬೆಳಕು ಬಿಡುತ್ತದೆ. ಬೆಳಕು ಜೋರಾದಷ್ಟೂ ಪೊಟ್ಯಾಶ್ ಜಾಸ್ತಿ.

ಗ್ಯಾಲಕ್ಸಿಗಳಲ್ಲೂ ಇದೇ ನಡೆಯುತ್ತಿದೆ ಅಂತ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ಉರಿ ಹಚ್ಚುವುದು ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳು. ಅವುಗಳ ಸುತ್ತಲಿನ ಅನಿಲ ಹೊಳೆಯುತ್ತದೆ. ಜಲಜನಕ, ಆಮ್ಲಜನಕ, ಸಾರಜನಕ, ಗಂಧಕ, ಒಂದೊಂದಕ್ಕೂ ಅದರದೇ ಬಣ್ಣದ ಬೆಳಕಿನ ಗೆರೆ. ಆ ಗೆರೆಗಳನ್ನು ಅಳೆದರೆ ಕೋಟ್ಯಂತರ ಜ್ಯೋತಿರ್ವರ್ಷ ದೂರದ ಅನಿಲದಲ್ಲಿ ಏನು ಎಷ್ಟಿದೆ ಅಂತ ಹೇಳಬಹುದು.

ಮಹಾಸ್ಫೋಟದ ಮೊದಲ ಕೆಲವು ನಿಮಿಷಗಳಲ್ಲಿ ತಯಾರಾದದ್ದು ತೂಕದಲ್ಲಿ ಸುಮಾರು ಶೇ 75 ಜಲಜನಕ, ಶೇ 25 ಹೀಲಿಯಂ, ಚಿಟಿಕೆಗಿಂತಲೂ ಕಮ್ಮಿ ಲಿಥಿಯಂ. ಅಷ್ಟೇ. ಆಮ್ಲಜನಕ ಇರಲಿಲ್ಲ, ಇಂಗಾಲ ಇರಲಿಲ್ಲ, ನಾನು ದಿನಾ ಅಳೆಯುವ ಪೊಟ್ಯಾಶ್ ಕೂಡ ಇರಲಿಲ್ಲ. ಇವೆಲ್ಲ ಆಮೇಲೆ ನಕ್ಷತ್ರಗಳ ಒಳಗೆ, ಅವು ಸಾಯುವಾಗ, ಸತ್ತ ಮೇಲೆ ಹುಟ್ಟಿದವು. ಅಂದರೆ ಪ್ರತಿ ಗ್ಯಾಲಕ್ಸಿಯೂ ಒಂದು ಹೊಲ ಇದ್ದ ಹಾಗೆ. ಬೆಳೆ ಮೇಲೆ ಬೆಳೆ ಬಂದು, ಮಣ್ಣಿಗೆ ಸಾರ ಸೇರುತ್ತಾ ಹೋಗಿದೆ. ಆ ಸಾರ ಕಾಲದ ಜೊತೆ ಹೇಗೆ ಏರಿತು ಅನ್ನೋದನ್ನು ಓದಿ ತಿಳಿದರೆ ಸಾಲದು, ನನ್ನ ಕೈಯಾರೆ ಅಳೆಯಬೇಕು ಅನ್ನಿಸಿತು. ಏಳು ತಿಂಗಳ ಭಾನುವಾರಗಳು ಇದಕ್ಕೆ ಹೋದವು.

ಮೊದಲು ಯಂತ್ರ

ಮನೆಯಲ್ಲಿದ್ದದ್ದು 2013ರ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್. ಆನ್ ಆಗಲಿಕ್ಕೇ ಆರು ನಿಮಿಷ ಬೇಕಿತ್ತು. ಹಿಂದಿನ ಮುಚ್ಚಳ ಬಿಚ್ಚಿದರೆ ಫ್ಯಾನಿನ ಬಾಯಿಗೆ ದೂಳು ಕಂಬಳಿ ಹಾಗೆ ಕೂತಿತ್ತು. ಬ್ರಷ್‌ನಲ್ಲಿ ತೆಗೆದೆ. ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಹಾರ್ಡ್ ಡಿಸ್ಕ್ ತೆಗೆದು 256 ಜಿಬಿ ಎಸ್‌ಎಸ್‌ಡಿ ಹಾಕಿದೆ. ಲಿನಕ್ಸ್ ಮಿಂಟ್, ಪ್ರೋಗ್ರಾಂ ಬರೆಯಲು ಪೈಥಾನ್, ಆಕಾಶದ ಫೈಲು ಓದಲು ಆಸ್ಟ್ರೋಪೈ, ಗ್ರಾಫ್ ಹಾಕಲು ಮ್ಯಾಟ್‌ಪ್ಲಾಟ್‌ಲಿಬ್, ಎಲ್ಲವೂ ಪುಕ್ಕಟೆ. ಈಗ ಅರ್ಧ ನಿಮಿಷದಲ್ಲಿ ಆನ್ ಆಗುತ್ತದೆ. ಈ ಕೆಲಸಕ್ಕೆ ಇಷ್ಟು ಯಂತ್ರ ಧಾರಾಳ ಸಾಕು.

ಮೊದಲ ಸ್ಪೆಕ್ಟ್ರಮ್

ಬೆಳಕು ಹಿಡಿಯುವ ಕೆಲಸ ಬೇರೆಯವರು ಆಗಲೇ ಮಾಡಿಟ್ಟಿದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಅಪಾಚಿ ಪಾಯಿಂಟ್ ಅನ್ನೋ ಜಾಗದಲ್ಲಿ 2.5 ಮೀಟರ್ ದೂರದರ್ಶಕ ಇದೆ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೇ ಅಂತ 2000ದಿಂದ ಅದು ಆಕಾಶ ಅಳೆಯುತ್ತಿದೆ. ಹಲವು ವರ್ಷ ಅದು ನಡೆದದ್ದು ಹೀಗೆ: ಒಂದು ಅಲ್ಯೂಮಿನಿಯಂ ತಟ್ಟೆ. ಅದರಲ್ಲಿ ಗ್ಯಾಲಕ್ಸಿ ಎಲ್ಲೆಲ್ಲಿ ಕಾಣುತ್ತದೋ ಅಲ್ಲಲ್ಲಿ ತೂತು. ಒಂದೊಂದು ತೂತಿಗೂ ಒಂದೊಂದು ಗಾಜಿನ ಎಳೆ. ಮೊದಲ ವರ್ಷಗಳಲ್ಲಿ ತಟ್ಟೆಗೆ 640 ಎಳೆ. ಅಷ್ಟನ್ನೂ ತಂತ್ರಜ್ಞರು ಹಗಲಲ್ಲಿ ಕೈಯಿಂದಲೇ ಚುಚ್ಚುತ್ತಿದ್ದರು. ನೂರಾರು ಟೆಸ್ಟ್‌ಟ್ಯೂಬ್‌ಗಳನ್ನು ಸ್ಟ್ಯಾಂಡಿನಲ್ಲಿ ಸಾಲಾಗಿ ಇಡುವ ನನಗೆ ಆ ಕೈಗಳ ಮೇಲೆ ತುಂಬಾ ಗೌರವ ಬಂತು.

ಸ್ಪೆಕ್ಟ್ರಮ್ ಅಂದರೆ ನಮ್ಮ ಪಠ್ಯಪುಸ್ತಕದ ರೋಹಿತ, ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿಟ್ಟದ್ದು. ಫೈಲು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮೊದಲನೆಯದನ್ನು ತೆರೆದು ಗ್ರಾಫ್ ಹಾಕಿದೆ. ಏನೋ ಗುಡ್ಡ, ಏನೋ ಮೊನೆ. ತಳದ ಅಕ್ಷದಲ್ಲಿ 3.58ರಿಂದ 3.96ರವರೆಗೆ ಅಂಕಿ. ತರಂಗದುದ್ದ ಅಂದರೆ ಸಾವಿರಗಳಲ್ಲಿ ಇರಬೇಕಲ್ಲ? ಅರ್ಧ ದಿನ ಫೈಲೇ ಕೆಟ್ಟಿದೆ ಅಂದುಕೊಂಡಿದ್ದೆ. ಸಂಜೆ ಅಕ್ಕನ ಮಗ ಬಂದ. ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ.

"ಮಾವ, ಕಾಲಂ ಹೆಸರು ನೋಡು. ಲಾಗ್‌ಲ್ಯಾಮ್ ಅಂತ ಇದೆ. ಅದು ಲಾಗರಿದಮ್. ಹತ್ತರ ಮೇಲೆ ಅಷ್ಟು ಘಾತ ಹಾಕು."

ಹಾಕಿದೆ. 3.58 ಹೋಗಿ 3,800 ಆಯಿತು. 3.96 ಹೋಗಿ 9,200 ಆಯಿತು. ಆಂಗ್‌ಸ್ಟ್ರಾಂ ಲೆಕ್ಕದಲ್ಲಿ (ಹತ್ತು ಆಂಗ್‌ಸ್ಟ್ರಾಂ ಅಂದರೆ ಒಂದು ನ್ಯಾನೋಮೀಟರ್) ನೇರಳೆಯಿಂದ ಹಿಡಿದು ಕಣ್ಣಿಗೆ ಕಾಣದ ಅವಕೆಂಪಿನವರೆಗೆ. ಆಮೇಲೆ ಗ್ಯಾಲಕ್ಸಿ ದೂರ ಸರಿಯುವುದರಿಂದ ಹಿಗ್ಗಿದ ಅಲೆಗಳನ್ನು, ಅಂದರೆ ರೆಡ್‌ಶಿಫ್ಟ್ ಅನ್ನು, ವಾಪಸ್ ಕುಗ್ಗಿಸಬೇಕು. ಒಂದಕ್ಕೆ ರೆಡ್‌ಶಿಫ್ಟ್ ಕೂಡಿಸಿ, ಅದರಿಂದ ಭಾಗಿಸಿದರೆ ಮುಗಿಯಿತು. ಗೆರೆಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಕೆಂಪಿನಲ್ಲಿ ಜಲಜನಕದ ಎಚ್-ಆಲ್ಫಾ, ಅದರ ಎಡಕ್ಕೂ ಬಲಕ್ಕೂ ಸಾರಜನಕ. ಹಸಿರಿನಲ್ಲಿ, 5,007ರ ಹತ್ತಿರ, ಎಲ್ಲಕ್ಕಿಂತ ಎತ್ತರಕ್ಕೆ ಆಮ್ಲಜನಕ.

ಈ ಹಸಿರು ಗೆರೆಗೆ ದೊಡ್ಡ ಕಥೆ ಇದೆ. 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಬಿಡಿಸಿ ನೋಡಿದಾಗ ಇದು ಕಂಡಿತು. ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದಲಿಲ್ಲ. ಹೊಸ ಧಾತುವೇ ಇರಬೇಕು ಅಂತ ನೆಬ್ಯೂಲಿಯಂ ಅನ್ನೋ ಹೆಸರೂ ಬಂತು. 1927ರಲ್ಲಿ ಐರಾ ಬೋವನ್ ಗಂಟು ಬಿಡಿಸಿದರು. ಅದು ಎರಡು ಎಲೆಕ್ಟ್ರಾನ್ ಕಳಕೊಂಡ ಮಾಮೂಲಿ ಆಮ್ಲಜನಕ. ನಮ್ಮ ಲ್ಯಾಬಿನ ಗಾಳಿಯಲ್ಲಿ ಪರಮಾಣುಗಳು ಕ್ಷಣಕ್ಷಣಕ್ಕೂ ಒಂದಕ್ಕೊಂದು ಗುದ್ದುತ್ತವೆ, ಆ ಬೆಳಕು ಬಿಡಲು ಅವಕ್ಕೆ ಪುರುಸೊತ್ತೇ ಸಿಗುವುದಿಲ್ಲ. ನೀಹಾರಿಕೆಯಲ್ಲಿ ಅನಿಲ ಎಷ್ಟು ವಿರಳ ಅಂದರೆ ಪರಮಾಣು ಸುಮ್ನೆ ಕಾದು ಕೂತು ಆ ಬೆಳಕು ಬಿಡಬಲ್ಲದು. ಹಗಿನ್ಸ್ ಕಂಡ ಗೆರೆಯೇ ನನ್ನ ಪರದೆಯ ಮೇಲೆ ನಿಂತಿತ್ತು. ಅವತ್ತು ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಗೆರೆ ಸರಿದದ್ದು ಯಾಕೆ

ಮುಂದಿನ ವಾರ ಗೆರೆಗಳ ಕೆಳಗಿನ ವಿಸ್ತೀರ್ಣ ಅಳೆಯುವ ಪ್ರೋಗ್ರಾಂ ಬರೆದೆ. ಗೆರೆಯ ಜಾಗದಲ್ಲಿ ಒಂದು ಕಿಟಕಿ, ಅದರೊಳಗಿನ ಬೆಳಕಿನ ಮೊತ್ತ, ಅದರಿಂದ ಹಿನ್ನೆಲೆ ಕಳೆಯುವುದು. ಲ್ಯಾಬಿನಲ್ಲಿ ಬ್ಲ್ಯಾಂಕ್, ಅಂದರೆ ಮಣ್ಣಿಲ್ಲದ ಖಾಲಿ ದ್ರಾವಣದ ಅಂಕಿ, ಕಳೆಯುವ ಹಾಗೆಯೇ. ಆದರೆ ಎಲ್ಲ ಗೆರೆಗಳೂ ಕಿಟಕಿಯ ನಡುವೆ ಕೂರದೆ ಸ್ವಲ್ಪ ಬಲಕ್ಕೆ ಸರಿದಿದ್ದವು. ಎಚ್-ಆಲ್ಫಾ 6,562.8ರಲ್ಲಿ ಇರಬೇಕಿತ್ತು, 6,564.6ರಲ್ಲಿ ಕೂತಿತ್ತು. 1.8 ಆಂಗ್‌ಸ್ಟ್ರಾಂ ವ್ಯತ್ಯಾಸ. ವೇಗದ ಲೆಕ್ಕಕ್ಕೆ ತಂದರೆ ಸೆಕೆಂಡಿಗೆ 82 ಕಿಲೋಮೀಟರ್.

ರೆಡ್‌ಶಿಫ್ಟ್ ತಪ್ಪಿರಬೇಕು ಅಂತ ಅದನ್ನೇ ತಿದ್ದುತ್ತಾ ಎರಡು ಭಾನುವಾರ ಕಳೆದೆ. ಇನ್ನೊಂದು ಗ್ಯಾಲಕ್ಸಿ ತೆಗೆದುಕೊಂಡರೂ ಅದೇ 1.8. ಮತ್ತೊಂದರಲ್ಲೂ ಅದೇ. ಎಲ್ಲದರಲ್ಲೂ ಒಂದೇ ತಪ್ಪು ಬಂದರೆ ದೋಷ ಮಾದರಿಯಲ್ಲಿ ಇಲ್ಲ, ಅಳತೆಗೋಲಿನಲ್ಲಿದೆ. ಲ್ಯಾಬಿನಲ್ಲಿ ಇದು ಮೊದಲ ಪಾಠ. ನಾನು ಬಳಸಿದ ಪಟ್ಟಿಯ ತರಂಗದುದ್ದಗಳು ಗಾಳಿಯಲ್ಲಿ ಅಳೆದವು. ಸ್ಲೋನ್ ಫೈಲುಗಳಲ್ಲಿ ಇರುವುದು ನಿರ್ವಾತದ ತರಂಗದುದ್ದ. ಗಾಳಿಯೊಳಗೆ ಬೆಳಕು ಕೂದಲೆಳೆಯಷ್ಟು ನಿಧಾನ, ಅಲೆಯೂ ಅಷ್ಟೇ ಗಿಡ್ಡ. ಆ ಕೂದಲೆಳೆಯೇ 1.8 ಆಂಗ್‌ಸ್ಟ್ರಾಂ. ಪಟ್ಟಿ ಬದಲಿಸಿದೆ. ಎಲ್ಲ ಗೆರೆಗಳೂ ಕಿಟಕಿಯ ನಡುವೆ ಬಂದವು.

ಚೆಕ್ ಸ್ಯಾಂಪಲ್ ಒಂದು ಬೇಕಿತ್ತು. ಲ್ಯಾಬಿನಲ್ಲಿ ಉತ್ತರ ಗೊತ್ತಿರುವ ಮಣ್ಣನ್ನು ನಡುನಡುವೆ ಓಡಿಸುತ್ತೇವೆ. ಇಲ್ಲಿ ಅದನ್ನು ಪ್ರಕೃತಿಯೇ ಕೊಟ್ಟಿದೆ. ಹಸಿರಿನಲ್ಲಿ ಆಮ್ಲಜನಕಕ್ಕೆ ಎರಡು ಗೆರೆ, 4,960 ಮತ್ತು 5,008, ನಿರ್ವಾತದ ಲೆಕ್ಕದಲ್ಲಿ. ಎರಡೂ ಹೊರಡುವುದು ಪರಮಾಣುವಿನ ಒಂದೇ ಶಕ್ತಿ ಮೆಟ್ಟಿಲಿನಿಂದ. ಹಾಗಾಗಿ ಎರಡನೆಯದು ಮೊದಲನೆಯದರ ಸುಮಾರು ಮೂರು ಪಟ್ಟು ಇರಲೇಬೇಕು, ಯಾವ ಗ್ಯಾಲಕ್ಸಿಯಾದರೂ ಸರಿ. ನನ್ನ ಪಟ್ಟಿಯಲ್ಲಿ ಹೆಚ್ಚಿನವು 2.9, 3.0, 3.1 ಬಂದವು. ಒಂದು ಮಾತ್ರ 1.7 ಬಂತು. ತೆಗೆದು ನೋಡಿದರೆ ಗೆರೆಯ ತುದಿಯಲ್ಲೇ ಒಂದು ಕೆಟ್ಟ ಪಿಕ್ಸೆಲ್. ಫೈಲಿನಲ್ಲಿ ಪ್ರತಿ ಪಿಕ್ಸೆಲ್ಲಿಗೂ ಎಷ್ಟು ನಂಬಬಹುದು ಅನ್ನೋ ಒಂದು ಅಂಕಿ ಇರುತ್ತದೆ. ಅದು ಸೊನ್ನೆ ಆಗಿದ್ದರೆ ಆ ಪಿಕ್ಸೆಲ್ ಮುಟ್ಟಬಾರದು. ನಾನು ಆ ಕಾಲಂ ಓದುತ್ತಲೇ ಇರಲಿಲ್ಲ. ಅವತ್ತಿನಿಂದ ಓದುತ್ತೇನೆ.

ಸಾರಜನಕ ನೋಡಿ ಆಮ್ಲಜನಕ ಹೇಳುವುದು

ಧಾತುಗಳಲ್ಲಿ ಆಮ್ಲಜನಕವನ್ನೇ ಯಾಕೆ ಅಳೆಯಬೇಕು? ಜಲಜನಕ, ಹೀಲಿಯಂ ಬಿಟ್ಟರೆ ವಿಶ್ವದಲ್ಲಿ ಅದೇ ಜಾಸ್ತಿ. ಗೆರೆಗಳೂ ಜೋರು. ಇನ್ನೊಂದು ಕಾರಣವೂ ಇದೆ. ಆಮ್ಲಜನಕ ಹೆಚ್ಚಾಗಿ ತಯಾರಾಗುವುದು ಸೂರ್ಯನ ಎಂಟು ಪಟ್ಟಿಗೂ ಹೆಚ್ಚು ಭಾರದ ನಕ್ಷತ್ರಗಳಲ್ಲಿ. ಅವು ಕೆಲವೇ ದಶಲಕ್ಷದಿಂದ ನಾಲ್ಕು ಕೋಟಿ ವರ್ಷದೊಳಗೆ ಸಿಡಿದು ಸಾಯುತ್ತವೆ. ವಿಶ್ವದ ಲೆಕ್ಕದಲ್ಲಿ ಇದು ಕಣ್ಣು ಮಿಟುಕಿಸಿದಷ್ಟು ಹೊತ್ತು. ಕಬ್ಬಿಣದ ದಾರಿ ಬೇರೆ. ಅದರಲ್ಲಿ ದೊಡ್ಡ ಪಾಲು ಬಿಳಿ ಕುಬ್ಜಗಳ, ಅಂದರೆ ಸೂರ್ಯನಂಥ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ತಿರುಳುಗಳ, ಸ್ಫೋಟದಿಂದ, ಕೆಲವೊಮ್ಮೆ ನೂರಾರು ಕೋಟಿ ವರ್ಷ ತಡವಾಗಿ ಬರುತ್ತದೆ. ಒಂದು ಮೂರು ತಿಂಗಳ ಬೆಳೆ, ಇನ್ನೊಂದು ತೆಂಗು. ಲೆಕ್ಕ ಶುರು ಮಾಡುವವನಿಗೆ ಮೂರು ತಿಂಗಳ ಬೆಳೆಯೇ ಸುಲಭ.

ಆದರೆ ಆಮ್ಲಜನಕದ ಗೆರೆ ಜೋರಾಗಿದ್ದರೆ ಆಮ್ಲಜನಕ ಜಾಸ್ತಿ ಅಂತ ನೇರವಾಗಿ ಹೇಳಲು ಬರುವುದಿಲ್ಲ. ನನ್ನ ಫ್ಲೇಮ್ ಫೋಟೋಮೀಟರಿನಲ್ಲಿ ಉರಿಯ ಬಿಸಿ ನಾನು ಕಾಯ್ದುಕೊಳ್ಳುತ್ತೇನೆ. ಅಲ್ಲಿ ಉರಿಯ ಬಿಸಿಯನ್ನು ಆಮ್ಲಜನಕವೇ ಬದಲಿಸುತ್ತದೆ. ಅದು ಬೆಳಕು ಬಿಟ್ಟು ಬಿಟ್ಟು ಅನಿಲವನ್ನು ತಣಿಸುತ್ತದೆ. ಆಮ್ಲಜನಕ ಜಾಸ್ತಿಯಾದಂತೆ ಅನಿಲ ತಣ್ಣಗಾಗಿ ಹಸಿರು ಗೆರೆ ಕುಗ್ಗುತ್ತದೆ. ಸರಿಯಾದ ದಾರಿ ಅಂದರೆ 4,363ರಲ್ಲಿರುವ ಬಲು ಸಣ್ಣ ಆಮ್ಲಜನಕ ಗೆರೆ ಹಿಡಿಯುವುದು. ಅದಕ್ಕೂ 5,007ಕ್ಕೂ ಇರುವ ಅನುಪಾತವೇ ಥರ್ಮಾಮೀಟರ್. ಆದರೆ ಹೆಚ್ಚಿನ ಗ್ಯಾಲಕ್ಸಿಗಳಲ್ಲಿ ಆ ಗೆರೆ ಗದ್ದಲದಲ್ಲಿ ಮುಳುಗಿಹೋಗಿರುತ್ತದೆ.

ಅದಕ್ಕೆ ಅಡ್ಡದಾರಿ ಇದೆ. 2004ರಲ್ಲಿ ಮ್ಯಾಕ್ಸ್ ಪೆಟ್ಟಿನಿ ಮತ್ತು ಬರ್ನಾರ್ಡ್ ಪೇಜಲ್ ಕೊಟ್ಟ ಸೂತ್ರ. ಸಾರಜನಕದ ಗೆರೆಯನ್ನು ಎಚ್-ಆಲ್ಫಾದಿಂದ ಭಾಗಿಸಿ, ಅದರ ಲಾಗ್ ತೆಗೆದು, 0.57ರಿಂದ ಗುಣಿಸಿ, 8.90ಕ್ಕೆ ಕೂಡಿಸಿ. ಬರುವ ಅಂಕಿಯೇ ಆಮ್ಲಜನಕದ ಮಟ್ಟ, ಲಾಗ್ ಲೆಕ್ಕದಲ್ಲಿ. 12 ಬಂದರೆ ಜಲಜನಕದಷ್ಟೇ ಆಮ್ಲಜನಕ ಅಂತ ಅರ್ಥ, ಅಲ್ಲಿಂದ ಒಂದು ಇಳಿದಷ್ಟಕ್ಕೂ ಹತ್ತನೇ ಒಂದು ಪಾಲು. ಸೂರ್ಯನಿಗೆ ಆ ಅಂಕಿ 8.69. ಅಂದರೆ ಹತ್ತು ಲಕ್ಷ ಜಲಜನಕ ಪರಮಾಣುಗಳಿಗೆ ಸುಮಾರು 490 ಆಮ್ಲಜನಕ. ಸಾರಜನಕ ನೋಡಿ ಆಮ್ಲಜನಕ ಹೇಳುವುದು ವಿಚಿತ್ರ ಅನ್ನಿಸಬಹುದು. ಕಾರಣ ಇದೆ. ಸಾರಜನಕದ ಬಹುಪಾಲು ನಕ್ಷತ್ರದಲ್ಲಿ ಮೊದಲೇ ಇದ್ದ ಇಂಗಾಲ, ಆಮ್ಲಜನಕದಿಂದ ತಯಾರಾಗುತ್ತದೆ. ಆಮ್ಲಜನಕ ಏರಿದ ಕಡೆ ಸಾರಜನಕ ಅದಕ್ಕಿಂತ ಬೇಗ ಏರುತ್ತದೆ.

ನನ್ನ ಮೊದಲ ಗ್ಯಾಲಕ್ಸಿಯಲ್ಲಿ ಅನುಪಾತ 0.32 ಬಂತು. ಪ್ರೋಗ್ರಾಂ 8.25 ಅಂತ ಹೇಳಿತು. ಹತ್ತು ಲಕ್ಷಕ್ಕೆ 178. ಅಷ್ಟು ದೊಡ್ಡ ಗ್ಯಾಲಕ್ಸಿಗೆ ಇದು ತೀರಾ ಕಮ್ಮಿ ಅನ್ನಿಸಿತು. ಕಾಗದದ ಮೇಲೆ ಕ್ಯಾಲ್ಕುಲೇಟರಿನಲ್ಲಿ ಮಾಡಿದರೆ 8.62. ಹತ್ತು ಲಕ್ಷಕ್ಕೆ 417. ಪೈಥಾನ್‌ನಲ್ಲಿ ಸುಮ್ನೆ ಲಾಗ್ ಅಂತ ಬರೆದರೆ ಅದು ಸ್ವಾಭಾವಿಕ ಲಾಗ್. ಹತ್ತರ ಲಾಗ್ ಬೇಕಿದ್ದರೆ ಪಕ್ಕದಲ್ಲಿ 10 ಅಂತ ಬರೆಯಲೇಬೇಕು. ಎರಡಂಕಿ ಬಿಟ್ಟಿದ್ದಕ್ಕೆ ಗ್ಯಾಲಕ್ಸಿಯ ಆಮ್ಲಜನಕ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಪ್ರೋಗ್ರಾಂ ಬರೆಯುವ ಯಾರಿಗಾದರೂ ನನ್ನ ಕಳಕಳಿಯ ಮಾತು ಇದೇ: ಮೊದಲ ಒಂದು ಉತ್ತರವನ್ನಾದರೂ ಕೈಯಲ್ಲಿ ಮಾಡಿ ನೋಡಿ.

ತಿಪ್ಪೆ ಪಕ್ಕದ ಮಾದರಿ

ರೈತರಿಗೆ ನಾವು ಹೇಳುವುದಿದೆ. ತಿಪ್ಪೆ ಇದ್ದ ಜಾಗ, ಬದುವಿನ ಪಕ್ಕ, ಮರದ ಬುಡ, ಇಲ್ಲೆಲ್ಲ ಮಣ್ಣು ತೆಗೆಯಬೇಡಿ. ಹೊಲದ ತುಂಬಾ ಹಾವು ಹರಿದ ಹಾಗೆ ನಡೆದು, ಹತ್ತು ಹದಿನೈದು ಕಡೆ 'ವಿ' ಆಕಾರದ ಗುಂಡಿ ತೋಡಿ, ಎಲ್ಲ ಬೆರೆಸಿ ಅರ್ಧ ಕೆಜಿ ತನ್ನಿ. ಮಾದರಿ ತಪ್ಪಾದರೆ ಯಂತ್ರ ಎಷ್ಟು ಚೆನ್ನಾಗಿದ್ದರೂ ರಿಪೋರ್ಟು ತಪ್ಪೇ.

ಗ್ಯಾಲಕ್ಸಿಯಲ್ಲಿ ತಿಪ್ಪೆ ಅಂದರೆ ನಡುವಿನ ದೈತ್ಯ ಕಪ್ಪುಕುಳಿ. ಅದು ಅನಿಲ ನುಂಗುವಾಗ ಬರುವ ತೀಕ್ಷ್ಣ ಬೆಳಕು ಸಾರಜನಕದ ಗೆರೆಯನ್ನು ಉಬ್ಬಿಸುತ್ತದೆ. ಸೂತ್ರ ಅದನ್ನು ನೋಡಿ ಆಮ್ಲಜನಕ ಹೇರಳ ಅಂದುಬಿಡುತ್ತದೆ. ಇದನ್ನು ಹಿಡಿಯಲು 1981ರಲ್ಲಿ ಬಾಲ್ಡ್‌ವಿನ್, ಫಿಲಿಪ್ಸ್, ಟರ್ಲೆವಿಚ್ ಒಂದು ನಕ್ಷೆ ಮಾಡಿದರು. ಒಂದು ಅಕ್ಷದಲ್ಲಿ ಸಾರಜನಕದ ಅನುಪಾತ, ಇನ್ನೊಂದರಲ್ಲಿ ಹಸಿರು ಆಮ್ಲಜನಕಕ್ಕೂ ಜಲಜನಕದ ಇನ್ನೊಂದು ಗೆರೆ ಎಚ್-ಬೀಟಾಕ್ಕೂ ಇರುವ ಅನುಪಾತ. ನಕ್ಷತ್ರ ಹುಟ್ಟಿಸುತ್ತಿರುವ ಗ್ಯಾಲಕ್ಸಿಗಳು ಎಡಗಡೆ ಒಂದು ಬಾಗಿದ ಓಣಿಯಲ್ಲಿ ಸಾಲು ನಿಲ್ಲುತ್ತವೆ. ಕಪ್ಪುಕುಳಿ ಗದ್ದಲದವು ಬಲಕ್ಕೆ ಮೇಲಕ್ಕೆ ಚದುರುತ್ತವೆ. ನಾನು ಆರಿಸಿದ್ದು 60 ಗ್ಯಾಲಕ್ಸಿ. ನಕ್ಷೆ ಹಾಕಿದ ಮೇಲೆ 11ನ್ನು ಕೈಬಿಟ್ಟೆ.

ಎಚ್-ಬೀಟಾ ಒಂದು ಹುಷಾರಿಯಿಂದ ಅಳೆಯಬೇಕಾದ ಗೆರೆ. ಅದು ನಕ್ಷತ್ರಗಳ ಬೆಳಕಿನಲ್ಲೇ ಇರುವ ಒಂದು ತಗ್ಗಿನೊಳಗೆ ನಿಂತಿರುತ್ತದೆ. ತಗ್ಗು ತುಂಬಿಸಿ ಅಳೆಯದಿದ್ದರೆ ಗೆರೆ ಗಿಡ್ಡ ಕಾಣುತ್ತದೆ. ಒಂದು ಉಬ್ಬು, ಒಂದು ತಗ್ಗು, ಎರಡನ್ನೂ ಒಟ್ಟಿಗೆ ಕೂರಿಸಿ ಸರಿಮಾಡಿದೆ.

ಇನ್ನೊಂದು ತಪ್ಪು ನನಗೆ ನಿಜವಾಗಿ ಕಸಿವಿಸಿ ತಂದಿತು. ಸ್ಲೋನ್‌ನ ಆಗಿನ ಗಾಜಿನ ಎಳೆ ನೋಡುತ್ತಿದ್ದದ್ದು ಆಕಾಶದ 3 ಆರ್ಕ್‌ಸೆಕೆಂಡ್ ಅಗಲ ಮಾತ್ರ. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲೇ ಒಂದು ಆರ್ಕ್‌ಸೆಕೆಂಡ್. ಹತ್ತಿರದ ಗ್ಯಾಲಕ್ಸಿಯಲ್ಲಿ ಅಷ್ಟರೊಳಗೆ ಬರುವುದು ನಡುಭಾಗ ಒಂದೇ. ನಡುಭಾಗದಲ್ಲಿ ಆಮ್ಲಜನಕ ಜಾಸ್ತಿ, ಅಂಚಿಗೆ ಹೋದಂತೆ ಕಮ್ಮಿ. ಒಂದೇ ಗುಂಡಿಯ ಮಣ್ಣು ತಂದು ಇಡೀ ಹೊಲದ ರಿಪೋರ್ಟು ಕೊಟ್ಟ ಹಾಗೆ! ಪರಿಹಾರ ಅಂದರೆ ರೆಡ್‌ಶಿಫ್ಟ್ 0.04ಕ್ಕಿಂತ ದೂರದ ಗ್ಯಾಲಕ್ಸಿ ತೆಗೆದುಕೊಳ್ಳುವುದು. ಅಷ್ಟು ದೂರದಲ್ಲಿ 3 ಆರ್ಕ್‌ಸೆಕೆಂಡ್ ಅಂದರೆ 7,000 ಜ್ಯೋತಿರ್ವರ್ಷಕ್ಕೂ ಜಾಸ್ತಿ. ಗ್ಯಾಲಕ್ಸಿಯ ಬೆಳಕಿನ ಐದನೇ ಒಂದು ಪಾಲಾದರೂ ಒಳಗೆ ಬರುತ್ತದೆ. ಮತ್ತೆ ಪಟ್ಟಿ ಮಾಡಿ, ಮತ್ತೆ ಇಳಿಸಿ, ಮತ್ತೆ ಅಳೆದೆ.

ಈ ಸಲ ಗ್ರಾಫ್ ಮಾತಾಡಿತು. ಸಣ್ಣ ಗ್ಯಾಲಕ್ಸಿಗಳು 8.4ರ ಹತ್ತಿರ, ದೊಡ್ಡವು 8.7ರ ಹತ್ತಿರ. ತೂಕ ಏರಿದಂತೆ ಆಮ್ಲಜನಕ ಏರಿ, ಕೊನೆಗೆ ಮಟ್ಟಸವಾಗುತ್ತದೆ. ಕ್ರಿಸ್ಟಿ ಟ್ರೆಮೊಂಟಿ ಮತ್ತು ಜೊತೆಯವರು 2004ರಲ್ಲಿ ಸ್ಲೋನ್‌ನ ಸುಮಾರು 53,000 ಗ್ಯಾಲಕ್ಸಿಗಳಲ್ಲಿ ಕಂಡ ಏರಿಕೆಯೇ ನನ್ನ ಚಿಕ್ಕ ಪಟ್ಟಿಯಲ್ಲೂ ಮಸುಕಾಗಿ ಕಂಡಿತು. ಸಣ್ಣ ಗ್ಯಾಲಕ್ಸಿಯ ಸೆಳೆತ ಕಮ್ಮಿ. ನಕ್ಷತ್ರಗಳು ಸಿಡಿದಾಗ ಹೊಸ ಆಮ್ಲಜನಕ ಹೊತ್ತ ಅನಿಲ ಅದರಿಂದ ಹೊರಗೆ ಹಾರಿಹೋಗುತ್ತದೆ. ಇಳಿಜಾರು ಹೊಲದ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುವ ಹಾಗೆ. ಜೊತೆಗೆ ಸಣ್ಣವು ಅನಿಲವನ್ನು ನಕ್ಷತ್ರ ಮಾಡುವುದೂ ನಿಧಾನ.

ಹಿಂದಕ್ಕೆ ನೋಡುವುದು

ಕಾಲದ ಪ್ರಶ್ನೆಗೆ ನನ್ನ ಸ್ಲೋನ್ ಫೈಲುಗಳು ಪೂರ್ತಿ ಉತ್ತರ ಕೊಡಲಾರವು. ರೆಡ್‌ಶಿಫ್ಟ್ 0.4 ದಾಟಿದರೆ ಎಚ್-ಆಲ್ಫಾ 9,200ರ ಆಚೆ ಜಾರಿಹೋಗುತ್ತದೆ. ಅಂದರೆ ಸುಮಾರು 400 ಕೋಟಿ ವರ್ಷ ಹಿಂದಿನವರೆಗೆ ಮಾತ್ರ. ಅದಕ್ಕೂ ಹಿಂದಿನದಕ್ಕೆ ಬೇರೆಯವರು ಅಳೆದ ಅಂಕಿಗಳನ್ನೇ ನನ್ನ ಗ್ರಾಫಿನ ಮೇಲೆ ಬೇರೆ ಬಣ್ಣದಲ್ಲಿ ಇಟ್ಟೆ.

ಡಾನ್ ಅರ್ಬ್ ಮತ್ತು ಜೊತೆಯವರು 2006ರಲ್ಲಿ ಹವಾಯಿಯ ಕೆಕ್ ದೂರದರ್ಶಕದಿಂದ 87 ಗ್ಯಾಲಕ್ಸಿಗಳನ್ನು ಅಳೆದಿದ್ದರು. ಅವುಗಳ ಬೆಳಕು ಹೊರಟು ಸಾವಿರ ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ. ಒಂದೊಂದರ ಸಾರಜನಕ ಗೆರೆ ಕಾಣದಷ್ಟು ಸಣ್ಣದು. ಅದಕ್ಕೆ ತೂಕದ ಪ್ರಕಾರ ಆರು ಗುಂಪು ಮಾಡಿ, ಗುಂಪಿನ ಬೆಳಕನ್ನೆಲ್ಲ ಕೂಡಿಸಿ ಅಳೆದರು. ನಾವು ಹತ್ತು ಗುಂಡಿಯ ಮಣ್ಣು ಬೆರೆಸುವ ಹಾಗೆಯೇ, ಅಲ್ವಾ? ಅವರು ಬಳಸಿದ್ದೂ ಅದೇ ಸಾರಜನಕ ಸೂತ್ರ. ಇವತ್ತಿನ ಅಷ್ಟೇ ತೂಕದ ಗ್ಯಾಲಕ್ಸಿಗಿಂತ ಅವುಗಳ ಅಂಕಿ 0.3 ಕೆಳಗೆ. ಲಾಗ್ ಲೆಕ್ಕದಲ್ಲಿ 0.3 ಅಂದರೆ ಅರ್ಧ. ಆಮ್ಲಜನಕ ಅರ್ಧದಷ್ಟೇ ಇತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸೂತ್ರ ಹದ ಮಾಡಿದ್ದು ಹತ್ತಿರದ ನೀಹಾರಿಕೆಗಳ ಮೇಲೆ. ಆ ಕಾಲದ ಅನಿಲದ ಬಿಸಿ, ಒತ್ತಡ, ಸಾರಜನಕದ ಪಾಲು ಬೇರೆಯೇ ಇದ್ದಿರಬಹುದು. ಹತ್ತಿರದ ಗ್ಯಾಲಕ್ಸಿಗಳಲ್ಲೇ ಬೇರೆ ಬೇರೆ ಸೂತ್ರಗಳ ನಡುವೆ 0.7ರವರೆಗೆ ವ್ಯತ್ಯಾಸ ಬರುತ್ತದೆ ಅಂತ 2008ರಲ್ಲಿ ಲೀಸಾ ಕ್ಯೂಲಿ ಮತ್ತು ಸಾರಾ ಎಲಿಸನ್ ತೋರಿಸಿದ್ದಾರೆ. ಹಾಗಾಗಿ ಹೋಲಿಸುವಾಗ ಒಂದೇ ಸೂತ್ರದ ಅಂಕಿಗಳನ್ನೇ ಹೋಲಿಸಬೇಕು. ನಾನು ಇದನ್ನು ಗ್ರಾಫಿನ ಮೂಲೆಯಲ್ಲೇ ಬರೆದಿಟ್ಟಿದ್ದೇನೆ.

ಜೇಮ್ಸ್ ವೆಬ್ ದೂರದರ್ಶಕ ಬಂದ ಮೇಲೆ ಥರ್ಮಾಮೀಟರ್ ಗೆರೆಯೇ ದೂರದಲ್ಲೂ ಸಿಗುತ್ತಿದೆ. 2022ರ ಜುಲೈನಲ್ಲಿ ಬಂದ ಮೊದಲ ಫೈಲುಗಳಲ್ಲೇ ರೆಡ್‌ಶಿಫ್ಟ್ 8.5ರ ಒಂದು ಪುಟ್ಟ ಗ್ಯಾಲಕ್ಸಿಯಲ್ಲಿ 4,363 ಕಂಡಿತು. ಆಗ ವಿಶ್ವಕ್ಕೆ ಸುಮಾರು 60 ಕೋಟಿ ವರ್ಷ ವಯಸ್ಸು. ಹಸಿರು ಗೆರೆ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ 4.76 ಮೈಕ್ರಾನ್‌ಗೆ ಹಿಗ್ಗಿತ್ತು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಬೇರೆ ಬೇರೆ ತಂಡಗಳು ಮೊದಲು ಬೇರೆ ಬೇರೆ ಅಂಕಿ ಹೇಳಿದವು, ಯಂತ್ರದ ಹದ ಇನ್ನೂ ಕೂತಿರಲಿಲ್ಲ. ಹದ ಸರಿಮಾಡಿದ ಲೆಕ್ಕಗಳಲ್ಲಿ ಬಂದದ್ದು ಸೂರ್ಯನದರ ಶೇ 5ಕ್ಕಿಂತಲೂ ಕಮ್ಮಿ. 2025ರಲ್ಲಿ ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕ ಇನ್ನೂ ಹಿಂದಕ್ಕೆ, ಮಹಾಸ್ಫೋಟವಾಗಿ 30 ಕೋಟಿ ವರ್ಷದೊಳಗಿನ ಗ್ಯಾಲಕ್ಸಿಯೊಂದರಲ್ಲಿ ಆಮ್ಲಜನಕ ಕಂಡಿತು. 88 ಮೈಕ್ರಾನಿನ ಗೆರೆ 1.3 ಮಿಲಿಮೀಟರಿಗೂ ಉದ್ದವಾಗಿ ಬಂದಿತ್ತು. ಅಷ್ಟು ಬೇಗ ಅಷ್ಟು ಆಮ್ಲಜನಕ ಇರುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಭಾರದ ನಕ್ಷತ್ರಗಳ ಆಯಸ್ಸು ನೆನೆದರೆ, ಅಷ್ಟರೊಳಗೆ ಹಲವು ಬೆಳೆ ಕೊಯ್ಲಾಗಿರಬೇಕು.

ಕೆರೆ ಮತ್ತು ನಾಲೆ

ಅಳತೆ ಮುಗಿದ ಮೇಲೆ ಲೆಕ್ಕಕ್ಕೆ ಕೂತೆ. ಈ ಏರಿಕೆಯನ್ನು ಪ್ರೋಗ್ರಾಂನಲ್ಲಿ ನಾನೇ ಬೆಳೆಸಿ ನೋಡಬೇಕು ಅಂತ. ಎಲ್ಲಕ್ಕಿಂತ ಸರಳ ಮಾದರಿ ಮುಚ್ಚಿದ ಪೆಟ್ಟಿಗೆ. ಶುರುವಿಗೆ ಪೂರ್ತಿ ಅನಿಲ, ಭಾರ ಧಾತು (ಜಲಜನಕ, ಹೀಲಿಯಂ ಬಿಟ್ಟು ಉಳಿದದ್ದೆಲ್ಲ) ಸೊನ್ನೆ. ಹೆಜ್ಜೆಹೆಜ್ಜೆಗೂ ಸ್ವಲ್ಪ ಅನಿಲ ನಕ್ಷತ್ರವಾಗುತ್ತದೆ. ಭಾರದವು ಕೂಡಲೇ ಸಿಡಿದು ಭಾರ ಧಾತು ವಾಪಸ್ ಕೊಡುತ್ತವೆ. ಹೊರಗಿನಿಂದ ಏನೂ ಬರುವುದಿಲ್ಲ, ಏನೂ ಹೋಗುವುದಿಲ್ಲ. ನಾನಿರುವುದು ಭದ್ರಾ ನಾಲೆಯ ಸೀಮೆಯಲ್ಲಿ. ನನಗೆ ಇದು ಒಳಹರಿವಿಲ್ಲದ ಕೆರೆ ಹಾಗೆ ಕಂಡಿತು. ನೀರು ಬತ್ತಿದಂತೆ ಉಪ್ಪು ಗಟ್ಟಿಯಾಗುತ್ತಾ ಹೋಗುತ್ತದೆ.

ಸೂರ್ಯನ ತೂಕದಲ್ಲಿ ಭಾರ ಧಾತು ಸುಮಾರು ಶೇ 1.34. ಅನಿಲ ಹತ್ತನೇ ಒಂದು ಪಾಲಿಗೆ ಇಳಿದಾಗ ಮಾದರಿ ಅಷ್ಟಕ್ಕೆ ಮುಟ್ಟುವ ಹಾಗೆ ಹೊಂದಿಸಿದೆ. ಮುಟ್ಟಿತು. ಖುಷಿಯಾಯಿತು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ. ಸೂರ್ಯನ ಕಾಲು ಭಾಗಕ್ಕಿಂತ ಕಮ್ಮಿ ಭಾರ ಧಾತು ಇರುವ ನಕ್ಷತ್ರ ಎಷ್ಟು? ಮಾದರಿಯ ಉತ್ತರ ಶೇ 49. ನಮ್ಮ ಸೂರ್ಯನ ಅಕ್ಕಪಕ್ಕದಲ್ಲಿ ನಿಜವಾಗಿ ಎಣಿಸಿದರೆ ಸಿಗುವುದು ಕೆಲವೇ ಶೇಕಡಾ.

ಇದು ನನ್ನ ಪ್ರೋಗ್ರಾಂನ ದೋಷ ಅಲ್ಲ. 1960ರ ದಶಕದ ಶುರುವಿನಲ್ಲೇ ಸಿಡ್ನಿ ವ್ಯಾನ್ ಡೆನ್ ಬರ್ಗ್ ಮತ್ತು ಮಾರ್ಟೆನ್ ಶ್ಮಿಟ್ ಇದನ್ನು ಗುರುತಿಸಿದ್ದರು. ಸೂರ್ಯನಂಥ ನಕ್ಷತ್ರಗಳಿಗೆ ಜಿ ಕುಬ್ಜ ಅಂತ ಹೆಸರು, ಹಾಗಾಗಿ ಇದು ಜಿ ಕುಬ್ಜ ಸಮಸ್ಯೆ. ಅವು ಸಾವಿರ ಕೋಟಿ ವರ್ಷ ಬದುಕುತ್ತವೆ. ಹುಟ್ಟಿದ್ದರೆ ಇವತ್ತೂ ಇಲ್ಲೇ ಇರಬೇಕಿತ್ತು. ಇಲ್ಲ ಅಂದರೆ ಹುಟ್ಟಲೇ ಇಲ್ಲ.

ನಾಲ್ಕು ದಿನ ತಲೆಯಲ್ಲಿ ಅದೇ ಓಡುತ್ತಿತ್ತು. ಮಾದರಿಯ ಒಂದೇ ಒಂದು ಸಾಲು ಬದಲಿಸಿದೆ. ಪ್ರತಿ ಹೆಜ್ಜೆಯಲ್ಲೂ ನಕ್ಷತ್ರಕ್ಕೆ ಖರ್ಚಾದಷ್ಟು ಹೊಸ ಅನಿಲ ಹೊರಗಿನಿಂದ ಬಂದು ತುಂಬಲಿ. ಭಾರ ಧಾತು ಇಲ್ಲದ ಶುದ್ಧ ಅನಿಲ. ಕೆರೆಗೆ ನಾಲೆ ನೀರು ಬಿಟ್ಟ ಹಾಗೆ. ಶುರುವಿಗೆ ಅನಿಲ ಕಮ್ಮಿ ಇರುವುದರಿಂದ ಭಾರ ಧಾತು ಬೇಗ ಏರುತ್ತದೆ. ಬಡ ನಕ್ಷತ್ರಗಳು ಹುಟ್ಟುವ ಕಾಲ ಬೇಗ ಮುಗಿಯುತ್ತದೆ. ಆಮೇಲೆ ಬರುವ ಹೊಸ ನೀರು ಉಪ್ಪನ್ನು ಒಂದು ಮಟ್ಟದಲ್ಲಿ ಹಿಡಿದಿಡುತ್ತದೆ. ಓಡಿಸಿದೆ. ಶೇ 49 ಹೋಗಿ ಶೇ 3.2 ಬಂತು. ಹೆಜ್ಜೆ ಸಣ್ಣದು ಮಾಡಿ ಇನ್ನೊಮ್ಮೆ ಓಡಿಸಿದೆ. ಕಾಗದದ ಮೇಲೆ ಸೂತ್ರದಿಂದಲೂ ಮಾಡಿದೆ. 3.2. ಎದ್ದು ಹಿತ್ತಲಿಗೆ ಹೋಗಿ ಸುಮ್ನೆ ಆಕಾಶ ನೋಡುತ್ತಾ ನಿಂತೆ.

ನಾಲೆ ನಿಜವಾಗಿಯೂ ಇದೆ. ಆಕಾಶಗಂಗೆಯ ಕಡೆಗೆ ಬೀಳುತ್ತಿರುವ ಜಲಜನಕದ ಮೋಡಗಳನ್ನು ಖಗೋಳಜ್ಞರು 1960ರ ದಶಕದಿಂದ ಕಾಣುತ್ತಿದ್ದಾರೆ. ಕಾಂಪ್ಲೆಕ್ಸ್ ಸಿ ಅನ್ನೋ ಮೋಡದಲ್ಲಿ ಭಾರ ಧಾತು ಸೂರ್ಯನದರ ಶೇ 10ರಿಂದ 30 ಮಾತ್ರ. ಪೂರ್ತಿ ಶುದ್ಧ ಅಲ್ಲ, ಆದರೆ ತಿಳಿನೀರೇ.

ಈ ಲೆಕ್ಕಗಳಿಗೆಲ್ಲ ಒಂದು ಅಚ್ಚುಕಟ್ಟು ಕೊಟ್ಟವರು ಬಿಯಾಟ್ರಿಸ್ ಟಿನ್‌ಸ್ಲೆ. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದವರು. ಗ್ಯಾಲಕ್ಸಿಗಳು ಕಾಲದ ಜೊತೆ ಬದಲಾಗುತ್ತವೆ, ಆ ಬದಲಾವಣೆಯನ್ನು ಲೆಕ್ಕ ಹಾಕಬಹುದು ಅಂತ ಮಾಡಿ ತೋರಿಸಿದರು. 1980ರಲ್ಲಿ ಗ್ಯಾಲಕ್ಸಿಗಳ ನಕ್ಷತ್ರ ಮತ್ತು ಅನಿಲದ ವಿಕಾಸದ ಮೇಲೆ ಅವರು ಬರೆದ ದೀರ್ಘ ಲೇಖನ ಇವತ್ತಿಗೂ ಈ ಕೆಲಸದ ಕೈಪಿಡಿ. ಮರುವರ್ಷ, 40ನೇ ವಯಸ್ಸಿಗೆ, ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಸಮೀಕರಣಗಳನ್ನು ಒಂದೊಂದಾಗಿ ಬರೆದುಕೊಳ್ಳುವಾಗ ನನಗೆ ಗಂಟಲು ಕಟ್ಟಿತ್ತು.

ಈಗ ಮೇಜಿನ ಮೇಲಿರುವುದು

ಒನ್ ಜ್ವಿಕಿ 18 (I Zw 18). ಸುಮಾರು 6 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಕುಳ್ಳ ಗ್ಯಾಲಕ್ಸಿ. ಅದರ ಅಂಕಿ 7.17 ಅಂತ ಬಲ್ಲವರು ಅಳೆದಿದ್ದಾರೆ. ಹತ್ತು ಲಕ್ಷಕ್ಕೆ ಬರೀ 15 ಆಮ್ಲಜನಕ. ಇವತ್ತಿನ ಕಾಲದಲ್ಲೇ ಇದ್ದು ಆದಿಕಾಲದ ಮಣ್ಣು ಇಟ್ಟುಕೊಂಡಿರುವ ಹೊಲ. ಸ್ಲೋನ್ ಇದನ್ನೂ ಅಳೆದಿದೆ ಅಂತ ಗೊತ್ತಾದ ದಿನವೇ ಫೈಲು ಇಳಿಸಿದೆ.

ಸಾರಜನಕದ ಗೆರೆ ಹುಡುಕಿದರೂ ಸರಿಯಾಗಿ ಸಿಗಲಿಲ್ಲ. ಆದರೆ 4,363 ಚೆನ್ನಾಗಿ ಎದ್ದು ನಿಂತಿದೆ. ಪೈನೆಬ್ ಅನ್ನೋ ಪುಕ್ಕಟೆ ಪ್ರೋಗ್ರಾಂಗೆ ಅನುಪಾತ ಕೊಟ್ಟೆ. ಅನಿಲದ ಬಿಸಿ 20,000 ಡಿಗ್ರಿಯ ಹತ್ತಿರ ಬಂತು. ತಣಿಸಲು ಆಮ್ಲಜನಕ ಇಲ್ಲದ್ದಕ್ಕೆ ಅಷ್ಟು ಬಿಸಿ. ಅಲ್ಲಿಂದ ಆಮ್ಲಜನಕದ ಅಂಕಿ ತೆಗೆದರೆ 7.17ಕ್ಕಿಂತ ಸ್ವಲ್ಪ ಕೆಳಗೆ ನಿಂತಿದೆ. ಯಾಕೆ ಅಂತ ಈಗ ಗೊತ್ತಾಗಿದೆ. ನಾನು ಎಣಿಸಿದ್ದು ಎರಡು ಎಲೆಕ್ಟ್ರಾನ್ ಕಳಕೊಂಡ ಆಮ್ಲಜನಕ ಮಾತ್ರ. ಒಂದೇ ಕಳಕೊಂಡದ್ದರ ಗೆರೆ 3,727ರಲ್ಲಿದೆ. ಸ್ಲೋನ್‌ನ ಈ ಫೈಲು ಶುರುವಾಗುವುದೇ 3,800ರಿಂದ, ಗ್ಯಾಲಕ್ಸಿ ಇಷ್ಟು ಹತ್ತಿರ ಇರುವುದರಿಂದ ಗೆರೆ ಹಿಗ್ಗಿ ಒಳಗೆ ಬಂದೂ ಇಲ್ಲ. ಅದೇ ಆಮ್ಲಜನಕಕ್ಕೆ ಕೆಂಪಿನ ಕೊನೆಯಲ್ಲಿ, 7,320 ಮತ್ತು 7,330ರಲ್ಲಿ, ಇನ್ನೂ ಎರಡು ಸಣಕಲು ಗೆರೆಗಳಿವೆ. ಹಿನ್ನೆಲೆ ಸರಿಯಾಗಿ ಕಳೆದರೆ ಸಿಗಬೇಕು. ಅಕ್ಕನ ಮಗನಿಗೆ ಭಾನುವಾರ ಬೆಳಿಗ್ಗೆ ಬರಲು ಹೇಳಿದ್ದೇನೆ.